ಸ್ಮಾರಕಶಿಲೆಗಳ ಕಾವ್ಯಗುಣ

ಗತಿಸಿದವರ ಹೆಸರಿನಲ್ಲಿ ಕಲ್ಲು ನಿಲ್ಲಿಸುವುದು ಕನ್ನಡ ನಾಡಿನ ಬಹು ಪುರಾತನ ವಾಡಿಕೆ. ಕಾದಿ ಮಡಿದವನಿಗೆ ವೀರಗಲ್ಲು, ಪತಿಯ ಮರಣಾನಂತರ ಚಿತೆಯೇರಿದವಳಿಗೆ ಮಾಸ್ತಿಗಲ್ಲು, ಸಲ್ಲೇಖನದಿಂದ ದೇಹ ತೊರೆದವರಿಗೆ ನಿಸಿದಿಗಲ್ಲು. ಇತಿಹಾಸಕಾರರು ಇವುಗಳಿಂದ ಅರಸರ ಕಾಲವನ್ನೂ ಯುದ್ಧಗಳ ವಿವರವನ್ನೂ ಆಯ್ದುಕೊಂಡಿದ್ದಾರೆ. ಎಂ. ಚಿದಾನಂದಮೂರ್ತಿಯವರು ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ (1966) ಶಾಸನಗಳ ಹಿಂದಿನ ಜನಜೀವನವನ್ನು ಬಿಡಿಸಿ ತೋರಿಸಿದರು. ಆದರೆ ಯಾವ ಕಲ್ಲು ಓದುಗನ ಮನಸ್ಸಿನಲ್ಲಿ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ, ಅದಕ್ಕೆ ಕಾರಣವೇನು ಎಂಬ ವಿಮರ್ಶೆಯ ಪ್ರಶ್ನೆಯನ್ನು ನಾವು ಕೇಳುವುದು ವಿರಳ.

ವೀರಗಲ್ಲಿನ ರೂಪ ಬಹುಮಟ್ಟಿಗೆ ಸಿದ್ಧವಾದುದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ, ತುದಿಯಲ್ಲಿ ಸೂರ್ಯಚಂದ್ರರು. ಬರಹದಲ್ಲಿಯೂ ತುರುಗಳನ್ನು ಮರಳಿಸಿ ಸುರಲೋಕ ಸೇರಿದನೆಂಬ ಮಾತು ಊರಿಂದೂರಿಗೆ ಮರುಕಳಿಸುತ್ತದೆ. ಇದನ್ನು ಕುಂದೆನ್ನಲಾಗದು. ಸಾಮಾನ್ಯ ಊರಾಳೊಬ್ಬನನ್ನು ಹಿಂದಿನ ವೀರರ ಸಾಲಿಗೆ ಸೇರಿಸುವ ಗೌರವ ಆ ಸಿದ್ಧರೂಪಕ್ಕಿದೆ. ಆದರೆ ಅದಷ್ಟೇ ಇದ್ದಲ್ಲಿ ಕಲ್ಲು ಯಾರದಾದರೂ ಆದೀತು.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು (ಕ್ರಿ.ಶ. 949–50) ನೋಡಬೇಕು. ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗ ಬೂತುಗ, ತಕ್ಕೋಲದ ಕಾಳಗ, ಚೋಳ ರಾಜಾದಿತ್ಯನ ಮರಣ ಎಲ್ಲವೂ ಇದರಲ್ಲಿವೆ. ಆದರೂ ಓದಿದವರು ಮರೆಯದೆ ಉಳಿಸಿಕೊಳ್ಳುವುದು ಒಂದು ನಾಯಿಯನ್ನು. ಕಾಳಗದಲ್ಲಿ ಮೆಚ್ಚುಗೆ ಪಡೆದ ಮಣಲೇರನು ಬೇಡಿಕೊಂಡದ್ದು ಕಾಳಿಯೆಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿತು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದಕ್ಕಾಗಿ ಚಲ್ಲೇಶ್ವರನ ಗುಡಿಯಲ್ಲಿ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ಪೂಜೆ ಸಲ್ಲಿಸದೆ ಉಣ್ಣುವ ಗೊರವನಿಗೆ ಪಾಪ ತಟ್ಟುವುದೆಂಬ ಕಟ್ಟಳೆಯೂ ಸೇರಿತು. ಇಲ್ಲಿ ಅಲಂಕಾರವಿಲ್ಲ, ಯಾರು, ಏನನ್ನು ಬೇಡಿದರು, ಏನನ್ನು ಕಳೆದುಕೊಂಡರು ಎಂಬ ನಿಖರತೆಯಿದೆ. ಶೋಕವನ್ನು ಹೆಸರಿಸದೆಯೇ ಶಾಸನ ಅದನ್ನು ಓದುಗನಿಗೆ ದಾಟಿಸುತ್ತದೆ.

ವಯನಾಡಿಗೆ ಹೊಂದಿಕೊಂಡ ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನ ಶಾಸನ (1057) ಬೇರೆ ಬಗೆಯದು. ಪತಿ ಏಚನ ಮರಣದ ಸುದ್ದಿ ಕೇಳಿ ದೇಕಬ್ಬೆ ಅಗ್ನಿಪ್ರವೇಶ ಮಾಡಿದುದನ್ನು ಇದು ಪದ್ಯಗಳಲ್ಲಿ ಕೊಂಡಾಡುತ್ತದೆ. ಇದರ ಕಾವ್ಯಶಕ್ತಿಯನ್ನು ಒಪ್ಪುತ್ತಲೇ ಇದು ಕೊಂಡಾಡುವ ಮೌಲ್ಯವನ್ನು ನಾವು ನಿರಾಕರಿಸಬೇಕಾಗುತ್ತದೆ. ಹಾಗೆ ನಿರಾಕರಿಸಲು ಬೇಕಾದ ಆಧಾರ ಶಾಸನದಲ್ಲಿಯೇ ಇದೆ: ಹೆತ್ತವರು ಅವಳನ್ನು ತಡೆದರೆಂಬುದನ್ನು ಕವಿ ಮುಚ್ಚಿಡಲಿಲ್ಲ. ಅವಳ ದೃಢತೆಯನ್ನು ಹಿರಿದಾಗಿಸಲೆಂದೇ ಆ ಮಾತು ಬಂದಿರಬಹುದು. ಇಂದಿನ ಓದಿಗೆ ಮಾತ್ರ ಆ ಹೆತ್ತವರ ಅಳಲೇ ಮೊದಲು ಕೇಳಿಸುತ್ತದೆ.

ಗಡಿನಾಡಿನ ಕನ್ನಡಿಗರಿಗೆ ಈ ಓದು ಹೆಚ್ಚು ಅಗತ್ಯ. ಮಡಕಶಿರಾ ಸೀಮೆಯ ಹೇಮಾವತಿ ಒಂದು ಕಾಲಕ್ಕೆ ನೊಳಂಬರ ರಾಜಧಾನಿಯಾದ ಹೆಂಜೇರು. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಆ ಸೀಮೆ ಅಲ್ಲಿಗೆ ಸೇರಿತು. ಕನ್ನಡ ಶಾಸನಗಳು ಇದ್ದಲ್ಲಿಯೇ ಉಳಿದವು. ಸೂರ್ಯಚಂದ್ರರಿರುವವರೆಗೆ ಎಂದು ಕೆತ್ತಿದವರು ಅಕ್ಷರ ಬಲ್ಲ ಮಕ್ಕಳು ಮುಂದೆಯೂ ಇರುತ್ತಾರೆಂದು ನಂಬಿದ್ದರು. ಮಳೆಗಾಳಿಗೆ ಕಲ್ಲು ಸವೆಯಲು ಶತಮಾನಗಳು ಬೇಕು. ಓದು ಕಳೆದುಹೋಗಲು ಎರಡು ತಲೆಮಾರು ಸಾಕು.

ಈಗಲೂ ನಾವು ಹಿರಿಯರ ಸಮಾಧಿಗೆ ಕಲ್ಲು ಆರಿಸುತ್ತೇವೆ. ಹೊಳಪು ಕೊಟ್ಟ ಕರಿ ಗ್ರಾನೈಟು, ಯಂತ್ರದಲ್ಲಿ ಮೂಡಿಸಿದ ಭಾವಚಿತ್ರ, ಹೆಸರು, ಜನನ ಮರಣದ ದಿನಾಂಕ. ಕಲ್ಲಿನ ಬಣ್ಣಕ್ಕೂ ದರಕ್ಕೂ ಕೊಡುವ ಗಮನದ ಒಂದು ಪಾಲನ್ನು ಬರಹಕ್ಕೂ ಕೊಡಬಹುದು. ಊರಿಗೆ ಬಾವಿ ತೋಡಿಸಿದವರೋ, ಸೋಬಾನೆ ಬಲ್ಲವರೋ, ಕನ್ನಡ ಶಾಲೆ ಮುಚ್ಚದಂತೆ ಮನೆಮನೆಗೆ ಅಲೆದವರೋ, ಅವರಿಗೇ ಸಲ್ಲುವ ಒಂದು ವಾಕ್ಯ ಕನ್ನಡದಲ್ಲಿರಲಿ. ಜೊತೆಗೆ ನಮ್ಮ ಸಂಘಗಳು ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಊರಿನ ಹಳೆಯ ಕಲ್ಲಿನ ಮುಂದೆ ಕೂರಿಸಿ, ಬಲ್ಲವರಿಂದ ಅದನ್ನು ಗಟ್ಟಿಯಾಗಿ ಓದಿಸಲಿ.