ತುಟಿ ಒಪ್ಪಿದ ಕೊಂಬು

ಯೆಹೂದ್ಯರ ಹೊಸವರ್ಷ ರೋಶ್ ಹಶಾನಾ ಸಮೀಪಿಸಿತೆಂದರೆ ಜೆರುಸಲೇಮಿನ ಮೆಯಾ ಶೆಆರಿಮ್‌ನ ಅಂಗಡಿಗಳಲ್ಲಿ ಟಗರಿನ ಕೊಂಬುಗಳ ರಾಶಿ. ಬಂದವರು ಒಂದೊಂದನ್ನೇ ಎತ್ತಿ ಊದಿ ನೋಡುತ್ತಾರೆ. ಒಬ್ಬರ ಬಾಯಲ್ಲಿ ಕಹಳೆ, ಪಕ್ಕದವರ ಬಾಯಲ್ಲಿ ಬರೀ ಗಾಳಿ. ಈ ಕೊಂಬೇ ಶೋಫಾರ್.

ಹೆಚ್ಚಿನವರ ಕೈ ಕನ್ನಡಿಯಂತೆ ಹೊಳೆಯುವ ಕೊಂಬಿನತ್ತ ಹೋಗುತ್ತದೆ. ನನಗೆ ಅದರ ಮೇಲೇ ಅನುಮಾನ. ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು ಅನ್ನುವ ಗಾದೆ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಅತಿಯಾಗಿ ಉಜ್ಜಿದರೆ ಕೊಂಬಿನ ಗೋಡೆ ತೆಳುವಾಗುತ್ತದೆ, ಅರಗಿನ ಹೊಳಪಿನಡಿ ಬಿರುಕೂ ಅಡಗಿರಬಹುದು. ಬಿರುಕೆಂದರೆ ಸಣ್ಣ ಮಾತಲ್ಲ. ಉದ್ದಕ್ಕೂ ಸೀಳಿದ ಕೊಂಬು, ತುಂಡು ಜೋಡಿಸಿ ಅಂಟಿಸಿದ ಕೊಂಬು, ಬಾಯಿಟ್ಟು ಊದುವ ಜಾಗಕ್ಕೆ ಚಿನ್ನ ಹೊದಿಸಿದ ಕೊಂಬು, ಯಾವುದೂ ಸಲ್ಲದೆಂದು ಯೆಹೂದ್ಯರ ಧರ್ಮಗ್ರಂಥ ತಾಲ್ಮುದ್ ವಿಧಿಸುತ್ತದೆ. ಹಸುವಿನ ಕೊಂಬಂತೂ ಮೊದಲೇ ಹೊರಗೆ. ಪೂರ್ವಜರು ಚಿನ್ನದ ಕರುವನ್ನು ಪೂಜಿಸಿದ ಪಾಪವನ್ನು ನೆನಪಿಸುವ ವಸ್ತು ಕ್ಷಮೆ ಬೇಡುವ ದಿನ ಎದುರಿಗಿರಬಾರದಲ್ಲ! ಧರ್ಮಶಾಸ್ತ್ರ ಪಂಡಿತ ಮೈಮಾನಿಡೀಸ್ ಟಗರಿನ ಬಾಗಿದ ಕೊಂಬನ್ನು ಮಾತ್ರ ಒಪ್ಪಿದ. ಅವನನ್ನು ತಲೆಯ ಮೇಲೆ ಹೊತ್ತುಕೊಂಡ ಯೆಮನ್ನಿನ ಯೆಹೂದ್ಯರಲ್ಲಿ ಅನೇಕರು ಮಾತ್ರ ಕುಡು ಜಿಂಕೆಯ ಸುರುಳಿ ಕೊಂಬನ್ನೇ ಊದುತ್ತ ಬಂದಿದ್ದಾರೆ.

ಕೊಂಬಿನ ಬುಡ ಟೊಳ್ಳು, ತುದಿ ಗಟ್ಟಿ. ಒಳಗಿನ ಎಲುಬು ತೆಗೆದು, ತುದಿ ಕತ್ತರಿಸಿ, ಬಿಸಿ ಮಾಡಿ ನೆಟ್ಟಗಾಗಿಸಿ, ಟೊಳ್ಳನ್ನು ಮುಟ್ಟುವವರೆಗೆ ಕೊರೆಯಬೇಕು. ಬೈರಿಗೆ ಕೂದಲೆಳೆಯಷ್ಟು ಓರೆಯಾದರೂ ಒಂದು ಬದಿ ತೆಳ್ಳಗಾಗುತ್ತದೆ. ಬೇರೆ ಮೂತಿ ಸಿಕ್ಕಿಸುವಂತಿಲ್ಲವಾದ್ದರಿಂದ ಮಾಡಿದವನ ಕಸುಬು ತಿಳಿಯುವುದು ಈ ಎರಡು ಬೆರಳಿನಷ್ಟು ಜಾಗದಲ್ಲೇ. ಅಂಚಿನ ಮೇಲೆ ಬೆರಳಾಡಿಸಿ, ತರಚಬಾರದು. ತುಂಬು ತುಟಿಯವರಿಗೆ ಕಿರಿದಾದ ಬಾಯಿ ಒಗ್ಗದು. ಬಾಯಿಯ ಬಲತುದಿಯಲ್ಲಿಟ್ಟು ಊದುವ ರೂಢಿಯುಂಟು, ಅಲ್ಲೂ ಇಟ್ಟು ನೋಡಿ.

ಒಳ್ಳೆಯ ಕೊಂಬು ಹೆಚ್ಚು ಉಸಿರು ಬೇಡದೆ ಸ್ವರ ಬಿಡುತ್ತದೆ. ಊದುವ ಮೂರು ಬಗೆಗಳಲ್ಲಿ ಉದ್ದನೆಯದಾದ ತೆಕಿಯಾದಲ್ಲಿ ಕೆಳಸ್ವರದಿಂದ ಸುಮಾರು ಪಂಚಮದಷ್ಟು ಮೇಲಕ್ಕೆ ಜಿಗಿಯುವುದು ಸಾಮಾನ್ಯ. ಶೆವಾರಿಮ್ ಮೂರು ನಿಟ್ಟುಸಿರು. ತೆರುವಾ ಮಾತ್ರ ಒಂಬತ್ತು ಬಿಕ್ಕಳಿಕೆ, ಕೆಟ್ಟ ಕೊಂಬು ತಡವರಿಸುವುದು ಇಲ್ಲೇ. ಹಬ್ಬದ ದಿನ ಶಬ್ಬಾತ್ ಅಲ್ಲದಿದ್ದರೆ ರೂಢಿಯಂತೆ 100 ಸಲ ಊದಬೇಕು. ಐವತ್ತಕ್ಕೇ ತುಟಿ ಸೋಲಿಸುವ ದೊಡ್ಡ ಕೊಂಬಿಗಿಂತ ಮಧ್ಯಮ ಗಾತ್ರದ್ದೇ ನನಗಿಷ್ಟ. ಹೊಸದರಲ್ಲಿ ಉಸಿರ ತೇವಕ್ಕೆ ಟಗರಿನ ವಾಸನೆ ಎದ್ದರೆ ಮೂಗು ಮುರಿಯಬೇಡಿ, ಪ್ರಾಣಿಯ ಕೊಂಬಲ್ಲವೇ.

ಕೊನೆಯದಾಗಿ, ಹಣ ಕೊಡುವ ಮುಂಚೆ ಅಂಗಡಿಯಿಂದ ಬೀದಿಗಿಳಿದು ಊದಿ. ಒಳಗಿನ ಕಲ್ಲುಗೋಡೆಗಳ ನಡುವೆ ಎಂಥ ಬಡಕಲು ಕೊಂಬೂ ಗಂಭೀರವಾಗಿ ಮೊಳಗುತ್ತದೆ. ಬಾವಿಯಲ್ಲಿ ಊದಿದಾಗ ಪ್ರತಿಧ್ವನಿಯನ್ನಷ್ಟೇ ಕೇಳಿದವನ ಕರ್ತವ್ಯ ತೀರಲಿಲ್ಲವೆಂದು ಅದೇ ತಾಲ್ಮುದ್ ಹೇಳುತ್ತದೆ.