ಗೂಢಚಾರನ ಚಿತ್ರಗಳೂ ವಾಲಿಯ ಪ್ರಶ್ನೆಯೂ

ಗೂಢಚಾರರ ಸಾಹಸಚಿತ್ರಗಳ ವಿಷಯದಲ್ಲಿ ವಿಮರ್ಶಕರ ದಾರಿಯೊಂದು, ಪ್ರೇಕ್ಷಕರ ದಾರಿ ಇನ್ನೊಂದು. ಇಯಾನ್ ಫ್ಲೆಮಿಂಗನ 'ಡಾಕ್ಟರ್ ನೋ' ಕಾದಂಬರಿಯನ್ನು 1958ರಲ್ಲಿ ಪಾಲ್ ಜಾನ್ಸನ್ 'ನ್ಯೂ ಸ್ಟೇಟ್ಸ್‌ಮನ್' ಪತ್ರಿಕೆಯಲ್ಲಿ ಕಟುವಾಗಿ ಖಂಡಿಸಿದನು. 1962ರಲ್ಲಿ ಅದೇ ಕಥೆ ಚಲಚ್ಚಿತ್ರವಾದಾಗ ಜನ ಮುಗಿಬಿದ್ದರು. ಆ ಅಲೆ ಕನ್ನಡದ ದಡವನ್ನೂ ಮುಟ್ಟಿತು. ದೊರೈ-ಭಗವಾನ್ ಜೋಡಿಯು 1968ರಲ್ಲಿ 'ಜೇಡರ ಬಲೆ'ಯನ್ನೂ 'ಗೋವಾದಲ್ಲಿ ಸಿ.ಐ.ಡಿ. 999' ಚಿತ್ರವನ್ನೂ ನಿರ್ದೇಶಿಸಿತು. ಮುಂದೆ ಇನ್ನೆರಡು ಬಂದವು. 'ಮಂತ್ರಾಲಯ ಮಹಾತ್ಮೆ'ಯಲ್ಲಿ (1966) ರಾಘವೇಂದ್ರ ಸ್ವಾಮಿಗಳಾಗಿದ್ದ ರಾಜಕುಮಾರರು ಎರಡೇ ವರ್ಷಗಳಲ್ಲಿ ಕೋಟು ತೊಟ್ಟು ಪಿಸ್ತೂಲು ಹಿಡಿದರು. ಒಬ್ಬನೇ ವೇಷಧಾರಿ ನಿನ್ನೆ ರಾಮನಾಗಿ ಇಂದು ರಾವಣನಾಗುವುದನ್ನು ಕಂಡ ನಮ್ಮ ಸೀಮೆಯವರಿಗೆ ಇದು ವಿಚಿತ್ರವೆನಿಸಬೇಕಾಗಿಲ್ಲ.

ಇಂಥ ಚಿತ್ರಗಳ ಮೇಲೆ ಅಧ್ಯಾಪಕ ವರ್ಗದಿಂದ ಕೇಳಿಬರುವ ಮೊದಲ ಆಕ್ಷೇಪ, ಇದು ಪರದೇಶದ ಸರಕು ಎಂಬುದು. ಹಾಗೆನ್ನುವವರು 1823ರಲ್ಲಿ ಕೆಂಪುನಾರಾಯಣನು ಬರೆದ 'ಮುದ್ರಾಮಂಜೂಷ'ವನ್ನು ಮರೆತಿರಬೇಕು. ಸಂಸ್ಕೃತದ 'ಮುದ್ರಾರಾಕ್ಷಸ'ದ ವಸ್ತುವನ್ನು ಎತ್ತಿಕೊಂಡ ಆ ಗದ್ಯಕೃತಿಯಲ್ಲಿ ವೇಷ ಮರೆಸಿದ ಚಾರರು, ಮುದ್ರೆಯ ಉಂಗುರ, ಕೃತಕ ಪತ್ರ ಎಲ್ಲವೂ ಉಂಟು. ಕಥೆಯ ಕೊನೆ ಮೊದಲೇ ಗೊತ್ತು, ಆದುದರಿಂದ ಕೌತುಕವಿಲ್ಲ ಎಂಬ ಎರಡನೆಯ ಆಕ್ಷೇಪಕ್ಕೆ ಕುಂಬಳೆಯ ಪಾರ್ತಿಸುಬ್ಬನೇ ಉತ್ತರ. ಅವನ ರಾಮಾಯಣ ಪ್ರಸಂಗಗಳನ್ನು ನೋಡಲು ಕುಳಿತ ಯಾರೂ ವಾಲಿ ಸಾಯುವನೋ ಉಳಿಯುವನೋ ಎಂದು ನಿದ್ದೆಗೆಟ್ಟವರಲ್ಲ. ಗೊತ್ತಿರುವುದು ಈ ಸಲ ಹೇಗೆ ನಡೆದೀತೆಂಬುದೇ ಅವರ ಸೊಗಸು. 999ರ ಪ್ರೇಕ್ಷಕನ ಸೊಗಸೂ ಇದೇ ಜಾತಿಯದು. ಅವನನ್ನು ದಡ್ಡನೆಂದು ಹಳಿಯುವುದು ಅನ್ಯಾಯ.

ಆದರೆ ಆ ಹೋಲಿಕೆಯಿಂದಲೇ ಈ ಚಿತ್ರಗಳ ನಿಜವಾದ ದೋಷವೂ ತಿಳಿಯುತ್ತದೆ. ವಾಲಿಯನ್ನು ರಾಮನು ಮರೆಯಲ್ಲಿ ನಿಂತು ಕೊಂದನು; ಗೂಢಚಾರನ ಕೆಲಸವೂ ಮರೆಯಲ್ಲಿ ನಿಂತೇ ನಡೆಯುವಂಥದು. ತಾಳಮದ್ದಳೆಯಲ್ಲಿ ವಾಲಿ ಬಾಣ ನಾಟಿದ ಮೇಲೆ ಸುಮ್ಮನೆ ಕಣ್ಮುಚ್ಚುವುದಿಲ್ಲ. ನನಗೂ ನಿನಗೂ ಏನು ಹಗೆ, ಇದಾವ ಧರ್ಮ ಎಂದು ಕೇಳುತ್ತಾನೆ. ರಾಮನ ಅರ್ಥ ಹೇಳುವವನು ಎಷ್ಟೇ ಪಂಡಿತನಾದರೂ ಅಲ್ಲಿ ಬೆವರಬೇಕು. 'ಮುದ್ರಾಮಂಜೂಷ'ದಲ್ಲಿಯೂ ಅಮಾತ್ಯ ರಾಕ್ಷಸನ ಸ್ವಾಮಿನಿಷ್ಠೆಗೆ ಓದುಗನ ಮನಸ್ಸು ಸೋಲುತ್ತದೆ. ಅವನನ್ನು ಸೋಲಿಸಿದ ಚಾಣಕ್ಯನಿಗೂ ಅವನೇ ಮಂತ್ರಿಯಾಗಬೇಕು. ಈ ಜಾತಿಯ ಚಿತ್ರಗಳ ಖಳನೂ ಮಾತಾಡುತ್ತಾನೆ, ಬೇಕಾದುದಕ್ಕಿಂತ ಹೆಚ್ಚೇ ಮಾತಾಡುತ್ತಾನೆ. ಆದರೆ ಅದು ತನ್ನ ಹಂಚಿಕೆಯನ್ನು ಬಯಲುಮಾಡುವುದಕ್ಕೆ, ನಾಯಕನನ್ನು ಪ್ರಶ್ನಿಸುವುದಕ್ಕಲ್ಲ. ಸರಕಾರದ ಹೆಸರಿನಲ್ಲಿ ಗುಟ್ಟಾಗಿ ಕೊಲ್ಲುವವನಿಗೆ ಉತ್ತರದ ಹೊಣೆಯೇ ಇಲ್ಲವೆಂಬ ಭಾವನೆ ಎಳೆಯ ಮನಸ್ಸಿನಲ್ಲಿ ಬೇರೂರಿದರೆ, ಪಿಸ್ತೂಲಿನ ಸದ್ದಿಗಿಂತ ಅದು ಹೆಚ್ಚಿನ ಕೇಡು. ಪಶ್ಚಿಮದಲ್ಲಿಯೂ ಆ ಪ್ರಶ್ನೆಯನ್ನು ಎತ್ತಿದವರಿದ್ದಾರೆ: ಜಾನ್ ಲೆ ಕಾರೆಯ 1963ರ ಕಾದಂಬರಿಯೊಂದರಿಂದ 1965ರಲ್ಲಿ ತಯಾರಾದ 'ದ ಸ್ಪೈ ಹೂ ಕೇಮ್ ಇನ್ ಫ್ರಮ್ ದ ಕೋಲ್ಡ್' ಚಿತ್ರದಲ್ಲಿ ಗೂಢಚಾರನು ತನ್ನ ಕಡೆಯವರ ಮೋಸವನ್ನೇ ಕಾಣಬೇಕಾಗುತ್ತದೆ.

1956ರಿಂದ ಕೇರಳಕ್ಕೆ ಸೇರಿದ ಈ ನೆಲದಲ್ಲಿ, ಪಾಠದ ಕೋಣೆಯ ಹೊರಗೆ ನಮ್ಮ ಮಕ್ಕಳು ಕನ್ನಡವನ್ನು ಚಿತ್ರಗಳಿಂದಲೂ ಕೇಳುತ್ತಾರೆ. ಅವನ್ನು ಬರಿಯ ತಿರಸ್ಕಾರದಿಂದ ತಳ್ಳಿಹಾಕುವಷ್ಟು ಶ್ರೀಮಂತರು ನಾವಲ್ಲ. ವಿದ್ಯಾನಗರದ ತರಗತಿಯೊಂದರಲ್ಲಿ ಅಧ್ಯಾಪಕರು 'ಮುದ್ರಾಮಂಜೂಷ'ವನ್ನು ಪಾಠಮಾಡುವಾಗ 'ಜೇಡರ ಬಲೆ'ಯ ಹೆಸರನ್ನೂ ಎತ್ತಲಿ. ಆ ಚಿತ್ರದ ಖಳನಿಗೆ ವಾಲಿಯ ಅರ್ಥವನ್ನು ಬರೆದು ತರುವಂತೆ ವಿದ್ಯಾರ್ಥಿಗಳಿಗೆ ಹೇಳಲಿ. ಬಂದ ಬರಹಗಳಲ್ಲಿ ಚೆನ್ನಾದುದನ್ನು ಈ ಪುಟಗಳಿಗೂ ಕಳುಹಿಸಿಕೊಟ್ಟಾರೆಂದು ನಂಬಿದ್ದೇವೆ.