190 ಬಂತು, ಆದರೆ ಹೇಗೆ ಬಂತು?

ಮೊದಲು ಒಂದು ಸಮಸ್ಯೆ. ಪೆನ್ಸಿಲ್ ಕೈಯಲ್ಲಿದ್ದರೆ ಮುಂದಕ್ಕೆ ಓದದೆ ಬಿಡಿಸಿ ನೋಡಿ. ಆಲಿಸ್ ಬಳಿ 24 ಸೇಬುಗಳಿವೆ. ಅವನ್ನು ಅವಳು ಬೆಕಿ ಮತ್ತು ಕ್ರಿಸ್ ಜೊತೆ ಹಂಚಿಕೊಳ್ಳಬೇಕು. ಮೂವರಲ್ಲಿ ಪ್ರತಿಯೊಬ್ಬರ ಪಾಲಿಗೂ ಕನಿಷ್ಠ ಎರಡು ಸೇಬುಗಳು ಬರಬೇಕು. ಎಷ್ಟು ವಿಧಗಳಲ್ಲಿ ಹಂಚಬಹುದು?

ಅಮೆರಿಕದಲ್ಲಿ ಎಂಟನೆಯ ತರಗತಿ ಮತ್ತು ಅದಕ್ಕಿಂತ ಕೆಳಗಿನ ಮಕ್ಕಳಿಗಾಗಿ ನಡೆಯುವ 'ಎಎಂಸಿ 8' ಎಂಬ ಗಣಿತ ಸ್ಪರ್ಧೆಯ 2019ರ ಪತ್ರಿಕೆಯಲ್ಲಿ ಇದು ಕೊನೆಯ ಪ್ರಶ್ನೆಯಾಗಿತ್ತು. ಐದು ಉತ್ತರಗಳನ್ನು ಕೊಟ್ಟು, ಸರಿಯಾದುದನ್ನು ಗುರುತಿಸಿ ಎಂದಿತ್ತು. ಸರಿಯುತ್ತರ 190.

ಇದನ್ನು ಬಿಡಿಸುವ ಎರಡು ದಾರಿಗಳನ್ನು ನೋಡೋಣ. ಒಬ್ಬ ವಿದ್ಯಾರ್ಥಿ ಮೊದಲೇ ಎಲ್ಲರಿಗೂ ಎರಡೆರಡು ಸೇಬು ಕೊಟ್ಟುಬಿಡುತ್ತಾನೆ. ಉಳಿದದ್ದು 18. ಈ 18 ಸೇಬುಗಳನ್ನು ಸಾಲಾಗಿ ಇಟ್ಟು ನಡುವೆ ಎರಡು ಕಡ್ಡಿಗಳನ್ನು ಇಟ್ಟರೆ ಸಾಲು ಮೂರು ಭಾಗಗಳಾಗುತ್ತದೆ. ಸೇಬು ಮತ್ತು ಕಡ್ಡಿ ಸೇರಿ 20 ಸ್ಥಾನಗಳು; ಅವುಗಳಲ್ಲಿ ಕಡ್ಡಿಗಳಿಗೆ ಎರಡನ್ನು ಆರಿಸಬೇಕು. 20 × 19 ÷ 2 = 190. ಸೂತ್ರ ಗೊತ್ತಿದ್ದವನಿಗೆ ಹತ್ತು ಸೆಕೆಂಡಿನ ಕೆಲಸ.

ಇನ್ನೊಬ್ಬಳಿಗೆ ವಿಕಲ್ಪಗಳ ಪಾಠವೇ ಆಗಿಲ್ಲ. ಅವಳು ಎಣಿಸಲು ಹೊರಡುತ್ತಾಳೆ. ಆಲಿಸ್ 2 ಸೇಬು ಇಟ್ಟುಕೊಂಡರೆ ಉಳಿದ 22ರಲ್ಲಿ ಬೆಕಿಗೆ 2ರಿಂದ 20ರವರೆಗೆ ಎಷ್ಟಾದರೂ ಕೊಡಬಹುದು, 19 ವಿಧ. ಆಲಿಸ್ 3 ಇಟ್ಟುಕೊಂಡರೆ 18 ವಿಧ. ಹೀಗೆಯೇ ಇಳಿಯುತ್ತ ಹೋಗಿ, ಆಲಿಸ್ 20 ಇಟ್ಟುಕೊಂಡಾಗ ಒಂದೇ ವಿಧ. 19 + 18 + … + 1 = 190. ಇದಕ್ಕೆ ಎರಡು ನಿಮಿಷವಾದರೂ ಬೇಕು. ಆದರೆ ಏನೂ ತಿಳಿಯದ ಕಡೆಯಿಂದ ಹೊರಟು ಒಂದು ಕ್ರಮವನ್ನು ತಾನೇ ಕಂಡುಕೊಂಡಿದ್ದಾಳೆ.

ಮೂರನೆಯವನೊಬ್ಬ ಸಮಯ ಮುಗಿಯುತ್ತಿದೆ ಎಂದು ಕಣ್ಣು ಮುಚ್ಚಿ 'ಸಿ' ವೃತ್ತವನ್ನು ತುಂಬುತ್ತಾನೆ. 190 ಇದ್ದದ್ದು ಅಲ್ಲಿಯೇ. ಮೂವರಿಗೂ ಒಂದೊಂದು ಅಂಕ.

ಈ ಮೂವರ ನಡುವಿನ ವ್ಯತ್ಯಾಸ ತಿಳಿಯುವುದು ಸ್ಪರ್ಧೆ ಮುಗಿದ ಮೇಲೆ ಮಕ್ಕಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವಾಗ. ಆದ್ದರಿಂದ ಇಂತಹ ಸ್ಪರ್ಧೆಯನ್ನು ಅದರ ಪ್ರಶ್ನೆಪತ್ರಿಕೆಯಿಂದ ಮಾತ್ರ ಅಳೆಯಬಾರದು, ಅದು ಮಕ್ಕಳಲ್ಲಿ ಎಂತಹ ಮಾತನ್ನು ಹುಟ್ಟಿಸುತ್ತದೆ ಎಂಬುದರಿಂದಲೂ ಅಳೆಯಬೇಕು ಎಂಬುದು ನನ್ನ ವಾದ. ಮೊದಲನೆಯ ಅಳತೆಯಲ್ಲಿ ಎಎಂಸಿ 8 ಬಹುಮಟ್ಟಿಗೆ ಗೆಲ್ಲುತ್ತದೆ. ಎರಡನೆಯದರಲ್ಲಿ ಎಡವುತ್ತದೆ.

ಸ್ಪರ್ಧೆಯ ಪರಿಚಯ ಚಿಕ್ಕದಾಗಿ: ಇದನ್ನು ನಡೆಸುವುದು ಮ್ಯಾಥಮ್ಯಾಟಿಕಲ್ ಅಸೋಸಿಯೇಷನ್ ಆಫ್ ಅಮೆರಿಕ. 1985ರಲ್ಲಿ ಬೇರೆ ಹೆಸರಿನಿಂದ ಆರಂಭವಾಗಿ ಮುಂದೆ ಈಗಿನ ಹೆಸರು ಪಡೆಯಿತು. 40 ನಿಮಿಷ, 25 ಪ್ರಶ್ನೆ. ತಪ್ಪಿಗೆ ಅಂಕ ಕಳೆಯುವುದಿಲ್ಲ. 2008ರಿಂದ ಕ್ಯಾಲ್ಕುಲೇಟರ್‌ಗೆ ಅವಕಾಶವಿಲ್ಲ. ಅದೊಂದು ಒಳ್ಳೆಯ ತೀರ್ಮಾನ.

ಪ್ರಶ್ನೆಗಳು ಬಹುಪಾಲು ಸೊಗಸಾದವು. ಆದರೆ ಉತ್ತರಗಳನ್ನು ಪಕ್ಕದಲ್ಲೇ ಇಟ್ಟಾಗ ಒಳ್ಳೆಯ ಪ್ರಶ್ನೆಯೂ ಹೇಗೆ ಕುಗ್ಗುತ್ತದೆ ನೋಡಿ. 2014ರ 21ನೆಯ ಪ್ರಶ್ನೆಯಲ್ಲಿ ಏಳು ಅಂಕಿಗಳ ಎರಡು ಸಂಖ್ಯೆಗಳಿದ್ದವು. ನಮ್ಮ ಅಕ್ಷರಗಳಲ್ಲಿ ಬರೆದರೆ 74ಅ52ಬ1 ಮತ್ತು 326ಅಬ4ಕ. ಎರಡೂ 3ರ ಅಪವರ್ತ್ಯಗಳು. ಕೊಟ್ಟಿರುವವುಗಳಲ್ಲಿ 'ಕ'ದ ಬೆಲೆ ಯಾವುದಿರಬಹುದು? ಕೊಟ್ಟದ್ದು 1, 2, 3, 5, 8.

ಅಂಕಿಗಳ ಮೊತ್ತ 3ರಿಂದ ಭಾಗವಾಗಬೇಕು ಎಂಬ ನಿಯಮ ನಿಮ್ಮ ತರಗತಿಯ ಮಕ್ಕಳಿಗೂ ಗೊತ್ತು. ಮೊದಲ ಸಂಖ್ಯೆಯ ಮೊತ್ತ 19 + ಅ + ಬ. ಹಾಗಾಗಿ ಅ + ಬ ಯನ್ನು 3ರಿಂದ ಭಾಗಿಸಿದಾಗ ಶೇಷ 2 ಬರಬೇಕು. ಎರಡನೆಯದರ ಮೊತ್ತ 15 + ಅ + ಬ + ಕ. ಹಾಗಾಗಿ 'ಕ'ದ ಶೇಷ 1. ಪಟ್ಟಿಯಲ್ಲಿ ಅಂತಹದು 1 ಮಾತ್ರ. ಇಲ್ಲಿಯ ಚೆಲುವು ಏನೆಂದರೆ ಅ ಎಷ್ಟು, ಬ ಎಷ್ಟು ಎಂದು ಬಿಡಿಯಾಗಿ ತಿಳಿಯುವ ಅಗತ್ಯವೇ ಇಲ್ಲ, ಎರಡರ ಮೊತ್ತದ ಶೇಷ ಸಾಕು. ಆದರೆ ಜಾಣ ಹುಡುಗನೊಬ್ಬ ಅ = 0, ಬ = 2 ಎಂದು ಒಂದು ಜೋಡಿಯನ್ನು ಊಹಿಸಿ, ಐದೂ ಬೆಲೆಗಳನ್ನು ಹಾಕಿ ನೋಡಿ, ಅರ್ಧ ನಿಮಿಷದಲ್ಲಿ 1 ಎಂದು ಗುರುತಿಸಬಹುದು. ಬೇರೆ ಜೋಡಿ ತೆಗೆದುಕೊಂಡರೂ ಅದೇ ಉತ್ತರ ಏಕೆ ಬರಬೇಕು ಎಂದು ಅವನನ್ನು ಯಾರೂ ಕೇಳುವುದಿಲ್ಲ. ಪಟ್ಟಿಯನ್ನು ತೆಗೆದುಹಾಕಿ 'ಕ'ದ ಎಲ್ಲ ಬೆಲೆಗಳನ್ನೂ ಕೇಳಿದ್ದರೆ 1, 4, 7 ಎಂಬ ಉತ್ತರದ ಜೊತೆಗೆ ಕಾರಣವೂ ಹೊರಬರುತ್ತಿತ್ತು. ತರಗತಿಯಲ್ಲಿ ಇನ್ನೂ ಮುಂದೆ ಹೋಗಬಹುದು: ಅ, ಬ ಜೋಡಿಗಳು ಒಟ್ಟು ಎಷ್ಟು? ಮೊತ್ತ 2, 5, 8, 11, 14, 17 ಆಗಬಹುದು, ಜೋಡಿಗಳು ಕ್ರಮವಾಗಿ 3, 6, 9, 8, 5, 2, ಒಟ್ಟು 33. ಎಂಟರವರೆಗೆ ಏರಿದ ಎಣಿಕೆ ಅಲ್ಲಿಂದ ಏಕೆ ಇಳಿಯಿತು ಎಂದು ಮಕ್ಕಳನ್ನೇ ಕೇಳಿ.

ಸೇಬಿನ ಪ್ರಶ್ನೆಗೂ ಇಂಥದೇ ಒಂದು ತಕರಾರು ಇದೆ. ಸೇಬುಗಳೆಲ್ಲ ಒಂದೇ ಬಗೆಯವು, ಯಾವ ಸೇಬು ಯಾರಿಗೆ ಹೋಯಿತು ಎಂಬುದು ಮುಖ್ಯವಲ್ಲ ಎಂದು ಪ್ರಶ್ನೆಯಲ್ಲಿ ಎಲ್ಲಿಯೂ ಹೇಳಿರಲಿಲ್ಲ. ಅಭ್ಯಾಸವಿದ್ದವರು ಹಾಗೆಂದು ತಿಳಿದುಕೊಳ್ಳುತ್ತಾರೆ. ಅಭ್ಯಾಸವಿಲ್ಲದ ಮಗು "ಒಂದೊಂದು ಸೇಬೂ ಬೇರೆಯಲ್ಲವೇ?" ಎಂದು ಕೇಳಿದರೆ ಅದು ಗಣಿತಜ್ಞ ಕೇಳುವ ಪ್ರಶ್ನೆ. ಉತ್ತರಪತ್ರಿಕೆಯಲ್ಲಿ ಅದನ್ನು ಬರೆಯಲು ಜಾಗವಿಲ್ಲ.

ಜಾಗವಿರುವುದು ಹೊರಗೆ, ಗೆಳೆಯರ ನಡುವೆ. ಅಲ್ಲಿಯೂ ಒಂದು ಅಡ್ಡಿ ಬಂದಿದೆ. 2022ರಿಂದ ಎಎಂಸಿ 8ನ್ನು ಜನವರಿಯ ಸುಮಾರು ಒಂದು ವಾರದ ಅವಧಿಯಲ್ಲಿ ಶಾಲೆಗಳು ತಮಗೆ ಅನುಕೂಲವಾದ ದಿನ ನಡೆಸುತ್ತವೆ. ಕೊನೆಯ ದಿನ ಬರೆಯುವವರಿಗೆ ಪ್ರಶ್ನೆಗಳು ಮೊದಲೇ ತಿಳಿಯಬಾರದು. ಆದ್ದರಿಂದ ಅವಧಿ ಮುಗಿಯುವ ತನಕ ಯಾರೂ ಸಮಸ್ಯೆಗಳ ಬಗ್ಗೆ ಮಾತಾಡುವಂತಿಲ್ಲ. ನಿಯಮ ನ್ಯಾಯವಾದುದೇ. ಆದರೆ ಬಿಡಿಸಲಾಗದ ಲೆಕ್ಕ ತಲೆಯಲ್ಲಿ ಕುದಿಯುವುದು ಮೊದಲ ಎರಡು ಗಂಟೆ. ವಾರ ಕಳೆದ ಮೇಲೆ ಮಕ್ಕಳ ನೆನಪಿನಲ್ಲಿ ಉಳಿಯುವುದು "ನಾನು ಎಷ್ಟು ತಪ್ಪು ಮಾಡಿದೆ" ಎಂಬುದಷ್ಟೇ. ಒಂದೇ ದಿನ, ಎಲ್ಲ ಕಡೆಯೂ ನಡೆಸಿದರೆ ಈ ಮೌನ ಬೇಕಾಗುವುದಿಲ್ಲ. ಶಾಲೆಗಳ ಅನುಕೂಲವನ್ನು ಮಕ್ಕಳ ಮಾತಿಗಿಂತ ಮೇಲೆ ಇಟ್ಟಂತಾಗಿದೆ.

ಇನ್ನು ಫಲಿತಾಂಶದ ಮಾತು. ಮೇಲಿನ ಶೇಕಡಾ 1 ಮತ್ತು ಶೇಕಡಾ 5ರೊಳಗೆ ಬಂದವರಿಗೆ ಬೇರೆಬೇರೆ ಗೌರವ ಪಟ್ಟಿಗಳಿವೆ. ಹೀಗಾಗಿ ಒಂದೊಂದು ಅಂಕವೂ ಚರ್ಚೆಯ ವಿಷಯ. "ನನಗೆ 19, ಅವಳಿಗೆ 17" ಎಂಬುದು ಎಷ್ಟು ಅರ್ಥಪೂರ್ಣ? ಒಂದು ಲೆಕ್ಕ ಮಾಡೋಣ. ಇಬ್ಬರೂ 15 ಪ್ರಶ್ನೆಗಳನ್ನು ನಿಜವಾಗಿ ಬಿಡಿಸಿದ್ದಾರೆ, ಉಳಿದ 10ಕ್ಕೆ ಸುಮ್ಮನೆ ಗುರುತು ಹಾಕಿದ್ದಾರೆ ಎನ್ನಿ. ಪ್ರತಿ ಊಹೆಯೂ ಸರಿಯಾಗುವ ಸಂಭವನೀಯತೆ 1/5. ಸರಾಸರಿ ಎರಡು ಊಹೆಗಳು ಫಲಿಸುತ್ತವೆ. ಆದರೆ ಒಬ್ಬನಿಗೆ ನಾಲ್ಕು ಫಲಿಸಬಹುದು, ಇನ್ನೊಬ್ಬಳಿಗೆ ಒಂದೂ ಫಲಿಸದಿರಬಹುದು. ಹತ್ತೂ ತಪ್ಪಾಗುವ ಸಂಭವನೀಯತೆಯೇ ಸುಮಾರು 0.107. ಎಲ್ಲ ಸಾಧ್ಯತೆಗಳನ್ನೂ ಕೂಡಿಸಿ ನೋಡಿದರೆ, ಒಂದೇ ಸಾಮರ್ಥ್ಯದ ಈ ಇಬ್ಬರ ನಡುವೆ ಎರಡು ಅಥವಾ ಹೆಚ್ಚು ಅಂಕಗಳ ಅಂತರ ಬರುವ ಸಂಭವನೀಯತೆ ಸುಮಾರು 0.39. ಐದರಲ್ಲಿ ಎರಡು ಸಲ! ಈ ಲೆಕ್ಕವನ್ನು ಮಕ್ಕಳಿಗೆ ಮಾಡಿ ತೋರಿಸಿದರೆ ಫಲಿತಾಂಶದ ಮಾತೂ ಗಣಿತದ ಮಾತಾಗುತ್ತದೆ.

ಅದೇ ದೇಶದಲ್ಲಿ ಅದೇ ವಯಸ್ಸಿನವರಿಗೆ ಇನ್ನೊಂದು ಸ್ಪರ್ಧೆಯಿದೆ. 1980ರ ದಶಕದ ಆರಂಭದಲ್ಲಿ ಹುಟ್ಟಿದ 'ಮ್ಯಾತ್‌ಕೌಂಟ್ಸ್'. ಇಲ್ಲಿ ಆಯ್ಕೆಗಳಿಲ್ಲ, ಉತ್ತರವನ್ನೇ ಬರೆಯಬೇಕು. ಅದು ಮೇಲು. ಆದರೆ ಇದರಲ್ಲಿ ನನಗೆ ಅತ್ಯಂತ ಬೇಸರ ತರಿಸುವ ಸುತ್ತು ಮತ್ತು ಅತ್ಯಂತ ಮೆಚ್ಚುಗೆಯಾಗುವ ಸುತ್ತು ಎರಡೂ ಇವೆ.

ಬೇಸರದ್ದು 'ಕೌಂಟ್‌ಡೌನ್'. ಇಬ್ಬರು ಮಕ್ಕಳು ಸಭಿಕರ ಮುಂದೆ ನಿಲ್ಲುತ್ತಾರೆ, ಪ್ರಶ್ನೆ ತೆರೆಯ ಮೇಲೆ ಬರುತ್ತದೆ, 45 ಸೆಕೆಂಡು ಅವಕಾಶ, ಮೊದಲು ಗುಂಡಿ ಒತ್ತಿ ಸರಿಯುತ್ತರ ಹೇಳಿದವರಿಗೆ ಅಂಕ. ರಾಷ್ಟ್ರಮಟ್ಟದಲ್ಲಿ ಚಾಂಪಿಯನ್ ಯಾರೆಂಬುದನ್ನು ನಿರ್ಧರಿಸುವುದು ಈ ಸುತ್ತು. 2000ದ ದಶಕದಲ್ಲಿ ಇಎಸ್‌ಪಿಎನ್ ಕ್ರೀಡಾವಾಹಿನಿ ಇದನ್ನು ಪ್ರಸಾರ ಮಾಡಿದ್ದೂ ಉಂಟು. ನೋಡಲು ರೋಚಕ, ಸರಿ. ನಮ್ಮ ಎರಡನೆಯ ಹುಡುಗಿ, 19 + 18 + … ಎಂದು ಕೂಡುತ್ತ ಹೊರಟವಳು, ಇಲ್ಲಿ ಒಂದು ಅಂಕವನ್ನೂ ಗಳಿಸಲಾರಳು.

ಮೆಚ್ಚುಗೆಯದ್ದು 'ಟೀಮ್' ಸುತ್ತು. ನಾಲ್ವರು ಒಂದೇ ಮೇಜಿನ ಸುತ್ತ ಕೂತು 20 ನಿಮಿಷಗಳಲ್ಲಿ 10 ಸಮಸ್ಯೆಗಳನ್ನು ಬಿಡಿಸುತ್ತಾರೆ. ಮಾತಾಡಲು ಪೂರ್ಣ ಅವಕಾಶ. ಒಬ್ಬರ ಉತ್ತರವನ್ನು ಇನ್ನೊಬ್ಬರು ಒಪ್ಪಬೇಕಾದರೆ ಕಾರಣ ಹೇಳಲೇಬೇಕು. ಸೂತ್ರದ ಹುಡುಗ ಮತ್ತು ಎಣಿಕೆಯ ಹುಡುಗಿ ಇಲ್ಲಿ ಒಂದೇ ಕಡೆ ಕೂತರೆ ಇಬ್ಬರಿಗೂ ಲಾಭ. ಒಬ್ಬನ ವೇಗವನ್ನು ಇನ್ನೊಬ್ಬಳ ಎಚ್ಚರ ಪರೀಕ್ಷಿಸುತ್ತದೆ. ಮಕ್ಕಳ ಚರ್ಚೆಯನ್ನೇ ಸ್ಪರ್ಧೆಯ ಅಂಗವಾಗಿಸಿದ ಇಂತಹ ಏರ್ಪಾಡು ಎಎಂಸಿ 8ರಲ್ಲಿ ಇಲ್ಲ. ಆದರೆ ಮ್ಯಾತ್‌ಕೌಂಟ್ಸ್‌ನಲ್ಲೂ ಇದರ ತೂಕ ನೋಡಿ: ತಂಡದ ಗರಿಷ್ಠ ಅಂಕ 66, ಅದರಲ್ಲಿ 46 ನಾಲ್ವರ ಬಿಡಿ ಅಂಕಗಳ ಸರಾಸರಿಯಿಂದ ಬರುವುದು, 20 ಮಾತ್ರ ಈ ಸುತ್ತಿನದು. ವೈಯಕ್ತಿಕ ಅಂಕಕ್ಕೆ ಇದು ಲೆಕ್ಕಕ್ಕೇ ಇಲ್ಲ.

ನಮ್ಮಲ್ಲಿ ದೊಡ್ಡ ಮಕ್ಕಳ ಒಲಿಂಪಿಯಾಡ್ ಸರಣಿಯಲ್ಲೂ ಈ ಎರಡು ಬಗೆಗಳಿವೆ. ಮೊದಲ ಹಂತದ ಐಒಕ್ಯೂಎಂನಲ್ಲಿ ಉತ್ತರದ ಸಂಖ್ಯೆಯನ್ನಷ್ಟೇ ಗುರುತಿಸಬೇಕು. ಮುಂದಿನ ಪ್ರಾದೇಶಿಕ ಹಂತ, ಅಂದರೆ ಆರ್‌ಎಂಒದಲ್ಲಿ, ಮೂರು ಗಂಟೆ, ಆರು ಸಮಸ್ಯೆ, ಪೂರ್ಣ ಸಾಧನೆಯನ್ನು ಬರೆಯಬೇಕು. ಉತ್ತರ ಹೇಳುವುದರಲ್ಲೇ ಪಳಗಿದ ಮಗುವಿಗೆ ಈ ಎರಡನೆಯ ಹಂತ ಅಪರಿಚಿತ ಊರಿನಂತೆ ಕಾಣುತ್ತದೆ.

ಹಾಗಾದರೆ ಈ ಪತ್ರಿಕೆಗಳನ್ನು ನೀವು ತರಗತಿಯಲ್ಲಿ ಬಳಸಬಾರದೆ? ಖಂಡಿತ ಬಳಸಿ, ಆದರೆ ಗಡಿಯಾರವನ್ನೂ ಐದು ಆಯ್ಕೆಗಳನ್ನೂ ತೆಗೆದುಬಿಡಿ. ಉತ್ತರ ಬಂದ ಮೇಲೆ ಒಂದು ಷರತ್ತನ್ನು ಬದಲಾಯಿಸಿ ಮತ್ತೆ ಕೇಳಿ. ಸೇಬಿನ ಪ್ರಶ್ನೆಯನ್ನೇ ಹೀಗೆ ಮಾಡಬಹುದು: ಪ್ರತಿಯೊಬ್ಬರಿಗೂ ಕನಿಷ್ಠ 2, ಆದರೆ ಯಾರಿಗೂ 10ಕ್ಕಿಂತ ಹೆಚ್ಚು ಬೇಡ. ಕಡ್ಡಿಗಳ ಸೂತ್ರ ಈಗ ನೇರವಾಗಿ ಒದಗುವುದಿಲ್ಲ. ಸೂತ್ರದ ಹುಡುಗ ಕೆಲಹೊತ್ತು ಸುಮ್ಮನಾಗುತ್ತಾನೆ. ಎಣಿಕೆಯ ಹುಡುಗಿ ಪಟ್ಟಿ ಮಾಡಲು ತೊಡಗಿ, ಇಬ್ಬರಿಗೆ ಹತ್ತತ್ತು ಹೋದರೂ ಮೂರನೆಯವರಿಗೆ 4 ಉಳಿಯುತ್ತದೆ, ಹಾಗಾಗಿ 'ಕನಿಷ್ಠ 2' ಎಂಬ ಷರತ್ತಿಗೆ ಇಲ್ಲಿ ಕೆಲಸವೇ ಇಲ್ಲ ಎಂದು ಕಂಡುಕೊಳ್ಳಬಹುದು. ಆಗ ಯಾರಾದರೂ ಸೇಬುಗಳನ್ನು ಬಿಟ್ಟು ಕೊರತೆಯನ್ನು ಎಣಿಸಲು ಹೊರಟರೆ ದಾರಿ ತೆರೆಯಿತು. ಎಲ್ಲರಿಗೂ ಹತ್ತತ್ತು ಸಿಕ್ಕಿದ್ದರೆ 30 ಬೇಕಿತ್ತು, ಇರುವುದು 24, ಕೊರತೆ 6. ಈ ಆರನ್ನು ಮೂವರಲ್ಲಿ ಹಂಚಬೇಕು, ಯಾರ ಪಾಲಿಗೆ ಸೊನ್ನೆ ಬಂದರೂ ಅಡ್ಡಿಯಿಲ್ಲ. ಮೊದಲನೆಯವರ ಕೊರತೆ 0 ಆದರೆ 7 ವಿಧ, 1 ಆದರೆ 6 ವಿಧ, ಹೀಗೆ 7 + 6 + 5 + 4 + 3 + 2 + 1 = 28.